ಮೂರು ಲಾಟು, ಎರಡು ಪಾವತಿ, ಆರು ಸಾಲು: ಜಾಯಿನ್ ಹಾಕಿದರೆ ಲೆಕ್ಕ ಯಾಕೆ ಉಬ್ಬುತ್ತದೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ತೀರ್ಥಹಳ್ಳಿ ಹತ್ತಿರ. ಬಿಸಿಎ ಮುಗಿಸಿ ಎರಡು ವರ್ಷ ಆಯ್ತು. ದೊಡ್ಡಪ್ಪನ ಅಡಿಕೆ ಮಂಡಿಗೆ ಒಂದು ವೆಬ್ ಅಪ್ಲಿಕೇಶನ್ ಮಾಡುತ್ತಿದ್ದೇನೆ. ಪ್ರೋಗ್ರಾಂ ಪಿಎಚ್‌ಪಿಯಲ್ಲಿ, ಡೇಟಾಬೇಸ್ ಮೈಎಸ್‌ಕ್ಯೂಎಲ್‌ನಲ್ಲಿ ಇದೆ. ಬೆಳೆಗಾರರು, ಲಾಟುಗಳು (ಮಾರಾಟಕ್ಕೆ ತಂದ ಅಡಿಕೆಯ ಒಂದೊಂದು ಗುಂಪು), ಪಾವತಿಗಳು ಅಂತ ಮೂರು ಟೇಬಲ್ ಇವೆ. 420 ಬೆಳೆಗಾರರಿದ್ದಾರೆ. ಒಂದೇ ಪುಟದಲ್ಲಿ ಎಲ್ಲರ ಹೆಸರು, ಅವರ ಲಾಟು, ಕೊಟ್ಟ ಹಣ, ಬಾಕಿ ತೋರಿಸಬೇಕು. ಮೊದಲು ಮೂರು ಟೇಬಲ್‌ಗೂ ಜಾಯಿನ್ ಹಾಕಿದೆ, ಅಂದರೆ ಬೆಳೆಗಾರನ ನಂಬರ್ ಹಿಡಿದು ಮೂರನ್ನೂ ಜೋಡಿಸಿ ತರಿಸಿದೆ. ಒಬ್ಬರ ಹೆಸರೇ ಆರಾರು ಸಲ ಬಂತು. ತೂಕ, ಹಣ ಎಲ್ಲ ಜಾಸ್ತಿ ತೋರಿಸಿತು. ಈ ವರ್ಷ ಹೊಸದಾಗಿ ಸೇರಿದವರು ಕಾಣಿಸಲೇ ಇಲ್ಲ. ಗೆಳೆಯನೊಬ್ಬ, ಒಂದೇ ಸಂಖ್ಯೆ ಮತ್ತೆ ಮತ್ತೆ ಬಂದರೆ ಒಂದೇ ಸಲ ಎಣಿಸುವ ಡಿಸ್ಟಿಂಕ್ಟ್ ಹಾಕು ಅಂದ. ಹಾಕಿದೆ. ಕೆಲವರ ಲೆಕ್ಕ ಸರಿಯಾಯಿತು, ಕೆಲವರದ್ದು ದೊಡ್ಡಪ್ಪನ ಪುಸ್ತಕಕ್ಕಿಂತ ಕಮ್ಮಿ ಬಂತು. ಕೊನೆಗೆ ಜಾಯಿನ್ ತೆಗೆದು, ಲೂಪ್ ಒಳಗೆ ಒಬ್ಬೊಬ್ಬರದೇ ಲಾಟು, ಪಾವತಿ ತರಿಸಿದೆ. ಲೆಕ್ಕ ಸರಿ ಬಂತು, ಆದರೆ ಪುಟ ತೆರೆಯಲು ಹದಿನೇಳು ಸೆಕೆಂಡು ಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ತಟ್ಟನೆ ಬರುತ್ತಿತ್ತು. ಸಿಡಿಲಿಗೆ ಕಂಪ್ಯೂಟರ್ ಸುಟ್ಟರೂ ಲೆಕ್ಕ ಉಳಿಯಲಿ ಅಂತ ಡೇಟಾಬೇಸ್ ಮಾತ್ರ ಮುಂಬೈನ ಬಾಡಿಗೆ ಸರ್ವರಿನಲ್ಲಿ ಇಟ್ಟಿದ್ದೇವೆ, ಪ್ರೋಗ್ರಾಂ ಮಂಡಿಯಲ್ಲೇ ಇದೆ. ಈಗ ಗೆಳೆಯ "ಜಾಯಿನ್ ಅಂದ್ರೇನೇ ನಿಧಾನ, ಎಲ್ಲ ಒಂದೇ ಟೇಬಲ್ ಮಾಡಿಬಿಡು" ಅನ್ನುತ್ತಿದ್ದಾನೆ. ಹಾಗೆ ಮಾಡಲಾ?

ಉತ್ತರ: ಬೇಡ, ಹಾಗೆ ಮಾಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಮಾತು. ನೀವು ಪ್ರತಿ ಸಲವೂ ದೊಡ್ಡಪ್ಪನ ಪುಸ್ತಕದ ಜೊತೆ ತಾಳೆ ನೋಡಿದ್ದೀರಿ. ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಅಭ್ಯಾಸ ಇಲ್ಲ. ಪರದೆ ಮೇಲೆ ಸಂಖ್ಯೆ ಬಂದರೆ ಸರಿಯೇ ಇರಬೇಕು ಅಂತ ಸುಮ್ನೆ ಬಿಡುವವರು ಜಾಸ್ತಿ. ಮಂಡಿಯಲ್ಲಿ ಆ ಸಂಖ್ಯೆ ಅಂದರೆ ಒಂದು ಮನೆಯ ವರ್ಷದ ದುಡಿಮೆ.

ನೀವು ಬರೆದ ತೊಂದರೆಗಳಿಗೆ ಬೇರು ಒಂದೇ ಅಲ್ಲ. ಹೆಸರು ಮತ್ತೆ ಮತ್ತೆ ಬರುವುದು, ಲೆಕ್ಕ ಉಬ್ಬುವುದು, ಹೊಸಬರು ಮಾಯವಾಗುವುದು, ಇವು ಮೂರೂ ಜಾಯಿನ್ ಏನು ಮಾಡುತ್ತದೆ ಅಂತ ಸರಿಯಾಗಿ ತಿಳಿಯದೆ ಬಂದವು. ಹದಿನೇಳು ಸೆಕೆಂಡಿಗೆ ಜಾಯಿನ್ ಕಾರಣವೇ ಅಲ್ಲ. ಯೋಚಿಸಿ ನೋಡಿ, ನೀವು ಜಾಯಿನ್ ತೆಗೆದ ಮೇಲೇ ಅಲ್ವಾ ಪುಟ ನಿಧಾನವಾಗಿದ್ದು?

ದೊಡ್ಡಪ್ಪನ ಮೇಜಿನ ಮೇಲೆ ಕಿರ್ದಿ ಮತ್ತು ಖತಾವಣಿ ಎರಡೂ ಇರುತ್ತವೆ. ಕಿರ್ದಿಯಲ್ಲಿ ನಡೆದದ್ದೆಲ್ಲ ದಿನದ ಪ್ರಕಾರ ಒಂದರ ಕೆಳಗೆ ಒಂದು. ಯಾರ ಲಾಟು ಬಂತು, ಯಾರಿಗೆ ಹಣ ಕೊಟ್ಟೆವು, ಬಂದ ಹಾಗೆ ಬರೆಯುವುದು. ಖತಾವಣಿಯಲ್ಲಿ ಒಬ್ಬೊಬ್ಬರಿಗೆ ಒಂದು ಪುಟ. ಮೇಲೆ ಹೆಸರು, ಊರು ಒಂದೇ ಸಲ. ಕೆಳಗೆ ಒಂದು ಕಡೆ ಲಾಟುಗಳು, ಇನ್ನೊಂದು ಕಡೆ ಕೊಟ್ಟ ಹಣ, ತಳದಲ್ಲಿ ಬಾಕಿ. ಕಿರ್ದಿಯಿಂದ ಖತಾವಣಿಗೆ ಇಳಿಸುವುದೇ ಗುಮಾಸ್ತರ ಕೆಲಸ. ಅವರು ಇಳಿಸುವಾಗ ಲಾಟುಗಳನ್ನು ಒಂದು ಕಡೆ ಕೂಡುತ್ತಾರೆ, ಹಣವನ್ನು ಇನ್ನೊಂದು ಕಡೆ ಕೂಡುತ್ತಾರೆ. ಒಂದು ಲಾಟಿನ ಎದುರಿಗೆ ಒಂದು ಪಾವತಿ ಅಂತ ಜೋಡಿ ಕಟ್ಟುವುದಿಲ್ಲ. ನಿಮ್ಮ ಜಾಯಿನ್ ಅದನ್ನೇ ಮಾಡಿತು.

ಒಂದು ಉದಾಹರಣೆಗೆ ಸಂಖ್ಯೆ ಇಟ್ಟು ನೋಡೋಣ. 112ನೇ ನಂಬರಿನ ಬೆಳೆಗಾರ ಮೂರು ಲಾಟು ತಂದಿದ್ದಾರೆ ಅಂದುಕೊಳ್ಳಿ: 140 ಕೆಜಿ, 95 ಕೆಜಿ, 65 ಕೆಜಿ. ಒಟ್ಟು 300. ಅವರಿಗೆ ಎರಡು ಸಲ ಹಣ ಕೊಟ್ಟಿದ್ದೀರಿ: 40,000 ಮತ್ತು 60,000. ಒಟ್ಟು ಒಂದು ಲಕ್ಷ. ಮೂರೂ ಟೇಬಲ್ ಸೇರಿಸಿ ಜಾಯಿನ್ ಹಾಕಿದಾಗ ಡೇಟಾಬೇಸ್ ಕೊಡುವುದು ಇದು:

112 | 140 ಕೆಜಿ | 40,000
112 | 140 ಕೆಜಿ | 60,000
112 | 95 ಕೆಜಿ | 40,000
112 | 95 ಕೆಜಿ | 60,000
112 | 65 ಕೆಜಿ | 40,000
112 | 65 ಕೆಜಿ | 60,000

ಮೂರು ಲಾಟು, ಎರಡು ಪಾವತಿ, ಗುಣಿಸಿದರೆ ಆರು ಸಾಲು. ಈಗ ತೂಕ ಕೂಡಿ. 600 ಕೆಜಿ. ಪ್ರತಿ ಲಾಟೂ ಎರಡೆರಡು ಸಲ ಬಂದಿದೆ. ಹಣ ಕೂಡಿ. ಮೂರು ಲಕ್ಷ. ಪ್ರತಿ ಪಾವತಿಯೂ ಮೂರು ಮೂರು ಸಲ ಬಂದಿದೆ. ಡೇಟಾಬೇಸ್ ತಪ್ಪು ಮಾಡಿಲ್ಲ. "ಈ ಬೆಳೆಗಾರನ ಲಾಟು, ಈ ಬೆಳೆಗಾರನ ಪಾವತಿ, ಕೂಡಬಹುದಾದ ಎಲ್ಲ ಜೋಡಿ ಕೊಡು" ಅಂತ ನೀವು ಕೇಳಿದ್ದಿರಿ, ಅದು ಕೊಟ್ಟಿತು. ಲಾಟಿಗೂ ಪಾವತಿಗೂ ನೇರ ಸಂಬಂಧ ಇಲ್ಲ. ಎರಡಕ್ಕೂ ಸಂಬಂಧ ಇರುವುದು ಬೆಳೆಗಾರನ ಜೊತೆ ಮಾತ್ರ.

ಅದಕ್ಕೇ ನನ್ನ ಹತ್ತಿರ ಕೆಲಸ ಕಲಿಯಲು ಬರುವವರಿಗೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಬರೆಯುವ ಮೊದಲು ಹೇಳಿ, ಬರುವ ಉತ್ತರದಲ್ಲಿ ಒಂದು ಸಾಲು ಅಂದರೆ ಏನು? ಒಬ್ಬ ಬೆಳೆಗಾರನಾ, ಒಂದು ಲಾಟಾ, ಒಂದು ಪಾವತಿಯಾ? ಬಾಯಿಬಿಟ್ಟು ಹೇಳಲು ಬಂದರೆ ಕ್ವೆರಿ ಅರ್ಧ ಬರೆದ ಹಾಗೆ. ಮೇಲಿನ ಆರು ಸಾಲಿನಲ್ಲಿ ಒಂದು ಸಾಲು ಏನು ಅಂತ ಹೇಳಲು ಹೋಗಿ, ತೊಡರುತ್ತೀರಿ. ಅದು ಲಾಟೂ ಅಲ್ಲ, ಪಾವತಿಯೂ ಅಲ್ಲ. ಹೆಸರಿಡಲು ಬಾರದ ಸಾಲನ್ನು ಕೂಡಬಾರದು.

ಇನ್ನು ಡಿಸ್ಟಿಂಕ್ಟ್ ವಿಷಯ. ಇದು ತುಂಬಾ ಜನ ಕೊಡುವ ಸಲಹೆ, ತುಂಬಾ ಅಪಾಯದ್ದೂ ಹೌದು, ಯಾಕೆಂದರೆ ಮೊದಲ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. 112ನೆಯವರ ಲೆಕ್ಕಕ್ಕೆ ತೂಕದ ಮೇಲೆ ಡಿಸ್ಟಿಂಕ್ಟ್ ಹಾಕಿ ಕೂಡಿದರೆ 140, 95, 65 ಒಂದೊಂದೇ ಸಲ ಎಣಿಕೆಯಾಗಿ 300 ಬರುತ್ತದೆ. ಸರಿಹೋಯಿತು ಅನಿಸುತ್ತದೆ. ಆದರೆ ಇನ್ನೊಬ್ಬರು 65 ಕೆಜಿಯ ಎರಡು ಲಾಟು ತಂದಿರುತ್ತಾರೆ. ಡಿಸ್ಟಿಂಕ್ಟ್‌ಗೆ ಅವು ಎರಡು ಲಾಟು ಅಂತ ಗೊತ್ತಿಲ್ಲ. ಅದಕ್ಕೆ ಕಾಣುವುದು 65 ಅನ್ನುವ ಸಂಖ್ಯೆ ಮಾತ್ರ. ಒಂದನ್ನು ಬಿಟ್ಟುಬಿಡುತ್ತದೆ. ಕೆಲವರ ಲೆಕ್ಕ ಪುಸ್ತಕಕ್ಕಿಂತ ಕಮ್ಮಿ ಬಂತು ಅಂದಿರಲ್ಲ, ಅವರ ಪುಟ ತೆಗೆದು ನೋಡಿ. ಒಂದೇ ತೂಕದ ಎರಡು ಲಾಟೋ, ಒಂದೇ ಮೊತ್ತದ ಎರಡು ಪಾವತಿಯೋ ಸಿಕ್ಕೇ ಸಿಗುತ್ತದೆ. ಮುಂಗಡವನ್ನು ಹತ್ತು ಸಾವಿರ, ಇಪ್ಪತ್ತು ಸಾವಿರ ಅಂತ ಉರುಟು ಮೊತ್ತದಲ್ಲೇ ಕೊಡುವ ಕಡೆ ಈ ತಪ್ಪು ಹಣದ ಕಾಲಮ್ಮಿನಲ್ಲಿ ಇನ್ನೂ ಜಾಸ್ತಿ.

ಹೊಸಬರು ಮಾಯವಾಗಿದ್ದಕ್ಕೆ ಕಾರಣ ಸಣ್ಣದು. ಸುಮ್ನೆ ಜಾಯಿನ್ ಅಂತ ಬರೆದರೆ ಅದು ಇನ್ನರ್ ಜಾಯಿನ್. ಎರಡೂ ಕಡೆ ಇದ್ದವರು ಮಾತ್ರ ಬರುತ್ತಾರೆ. ಲಾಟು ತಾರದವರು, ಹಣ ಪಡೆಯದವರು ಪಟ್ಟಿಯಿಂದ ಬಿದ್ದುಹೋಗುತ್ತಾರೆ. ಲೆಫ್ಟ್ ಜಾಯಿನ್ ಹಾಕಿದರೆ ಎಡಗಡೆಯ ಟೇಬಲ್‌ನವರೆಲ್ಲ ಉಳಿಯುತ್ತಾರೆ, ಬಲಗಡೆ ಏನೂ ಇಲ್ಲದಿದ್ದರೆ ಆ ಜಾಗದಲ್ಲಿ ನಲ್, ಅಂದರೆ ಏನೂ ಇಲ್ಲ ಅನ್ನುವ ಗುರುತು, ಬರುತ್ತದೆ.

ಇದನ್ನು ಸಣ್ಣದು ಅಂದೆನಾದರೂ ಇದರಿಂದ ಆಗುವ ನೋವು ಸಣ್ಣದಲ್ಲ. ಬಹಳ ವರ್ಷದ ಹಿಂದೆ ನಮ್ಮ ಜಿಲ್ಲೆಯ ಒಂದು ಸಹಕಾರ ಸಂಘಕ್ಕೆ ಮಹಾಸಭೆಯ ನೋಟಿಸ್ ಕಳಿಸುವ ಪಟ್ಟಿ ನಾನೇ ಮಾಡಿಕೊಟ್ಟಿದ್ದೆ. ಸದಸ್ಯರ ಟೇಬಲ್‌ಗೆ ಊರಿನ ಟೇಬಲ್ ಜಾಯಿನ್ ಮಾಡಿದ್ದೆ. ಹಳೆಯ ಕೆಲವು ಸದಸ್ಯರಿಗೆ ಊರಿನ ನಂಬರ್ ತುಂಬಿಸಿರಲಿಲ್ಲ. ಅವರೆಲ್ಲ ಪಟ್ಟಿಯಿಂದ ಬಿಟ್ಟುಹೋದರು. ಹೊಸನಗರ ಕಡೆಯ ವಯಸ್ಸಾದ ಸದಸ್ಯರೊಬ್ಬರು ಬೆಳಗಿನ ಬಸ್ಸಿಗೆ ಬಂದು, ಷೇರಿನ ಹಳೆಯ ರಸೀದಿ ಮೇಜಿನ ಮೇಲಿಟ್ಟು, "ನಾನು ಸದಸ್ಯ ಹೌದೋ ಅಲ್ಲವೋ, ಅದನ್ನೊಂದು ಹೇಳಿಬಿಡಿ ತಂಗಿ" ಅಂದರು. ಆ ದಿನದಿಂದ ಜನರ ಪಟ್ಟಿ ಅಂದರೆ ಮೊದಲು ಟೇಬಲ್‌ನಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸುತ್ತೇನೆ, ಆಮೇಲೆ ಪುಟದಲ್ಲಿ ಎಷ್ಟು ಜನ ಬಂದರು ಅಂತ ಎಣಿಸುತ್ತೇನೆ. ನಿಮ್ಮಲ್ಲಿ ಅದು 420ಕ್ಕೆ 420 ಆಗಬೇಕು.

ಲೆಫ್ಟ್ ಜಾಯಿನ್ ಹಾಕಿದ ಮೇಲೂ ಎಡವುವ ಜಾಗಗಳಿವೆ. ಈ ಹಂಗಾಮಿನ ಲಾಟು ಮಾತ್ರ ಬೇಕು ಅಂತ ಲಾಟಿನ ವರ್ಷವನ್ನು ಕ್ವೆರಿಯ ವೇರ್ ಭಾಗದಲ್ಲಿ (ಜೋಡಿಸಿದ ಮೇಲೆ ಸಾಲು ಆರಿಸುವ ಷರತ್ತು) ಬರೆದರೆ, ಲಾಟಿಲ್ಲದವರ ವರ್ಷ ನಲ್ ಆಗಿರುವುದರಿಂದ ಅವರು ಮತ್ತೆ ಬಿದ್ದುಹೋಗುತ್ತಾರೆ. ಲೆಫ್ಟ್ ಜಾಯಿನ್ ಹೆಸರಿಗೆ ಮಾತ್ರ ಉಳಿಯುತ್ತದೆ. ಆ ಷರತ್ತನ್ನು ಜಾಯಿನ್‌ನ ಆನ್ ಭಾಗಕ್ಕೆ (ಯಾವುದಕ್ಕೆ ಯಾವುದನ್ನು ಜೋಡಿಸಬೇಕು ಅನ್ನುವ ಷರತ್ತು) ಸೇರಿಸಿ. ಎರಡನೆಯದು ಬಾಕಿ ಲೆಕ್ಕ. ಮೊತ್ತದಲ್ಲಿ ನಲ್ ಕಳೆದರೆ ಉತ್ತರವೂ ನಲ್. ಲಾಟು ಕೊಟ್ಟು ಇನ್ನೂ ಹಣ ಪಡೆಯದವರ ಬಾಕಿ ಜಾಗ ಖಾಲಿ ಕಾಣುತ್ತದೆ, ಅಂದರೆ ಮಂಡಿ ಯಾರಿಗೆ ಪೂರ್ತಿ ಹಣ ಕೊಡಬೇಕೋ ಅವರದ್ದೇ ಖಾಲಿ. ಕೋಅಲೆಸ್ ಬಳಸಿ ನಲ್ ಇದ್ದಲ್ಲಿ ಸೊನ್ನೆ ಮಾಡಿಕೊಳ್ಳಿ. ಮೂರನೆಯದು, ಲಾಟುಗಳನ್ನು ಎಣಿಸಲು ಕೌಂಟ್ ಜೊತೆ ನಕ್ಷತ್ರ ಹಾಕಿದರೆ ಒಂದೂ ಲಾಟಿಲ್ಲದವರಿಗೂ 1 ಅಂತ ಬರುತ್ತದೆ, ಯಾಕೆಂದರೆ ಅವರ ಹೆಸರಿನ ಸಾಲು ಒಂದು ಇದೆಯಲ್ಲ. ಲಾಟಿನ ನಂಬರಿನ ಕಾಲಮ್ ಎಣಿಸಿ, ಸರಿಯಾಗಿ ಸೊನ್ನೆ ಬರುತ್ತದೆ.

ಈಗ ಹದಿನೇಳು ಸೆಕೆಂಡಿಗೆ ಬರೋಣ. ನಿಮ್ಮ ಲೂಪ್ ಏನು ಮಾಡುತ್ತದೆ? ಬೆಳೆಗಾರರ ಪಟ್ಟಿಗೆ ಒಂದು ಕ್ವೆರಿ. ಆಮೇಲೆ 420 ಜನಕ್ಕೆ ತಲಾ ಎರಡು. ಒಟ್ಟು 841. ತೀರ್ಥಹಳ್ಳಿಯ ಪ್ರೋಗ್ರಾಂ ಮುಂಬೈನ ಡೇಟಾಬೇಸನ್ನು 841 ಸಲ ಕೇಳಿ, ಪ್ರತಿ ಸಲವೂ ಉತ್ತರ ಬರುವ ತನಕ ಕಾಯುತ್ತದೆ. ಒಂದು ಸಲ ಹೋಗಿಬರಲು 20 ಮಿಲಿಸೆಕೆಂಡು ಅಂತ ಇಟ್ಟುಕೊಂಡರೂ 841 ಸಲಕ್ಕೆ 16.8 ಸೆಕೆಂಡು. ನಿಮ್ಮ ಗಡಿಯಾರದ ಹದಿನೇಳು ಇಲ್ಲೇ ಸಿಕ್ಕಿತು. ಕೆಲಸದ ಹೊತ್ತು ಅದರಲ್ಲಿ ಏನೇನೂ ಇಲ್ಲ, ಎಲ್ಲ ದಾರಿಯ ಹೊತ್ತು. ಲ್ಯಾಪ್‌ಟಾಪಿನಲ್ಲಿ ಡೇಟಾಬೇಸ್ ಪಕ್ಕದಲ್ಲೇ ಇತ್ತು, ದಾರಿಯೇ ಇರಲಿಲ್ಲ, ಹಾಗಾಗಿ ತಟ್ಟನೆ ಬಂತು. ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಜುಲೈನಲ್ಲಿ ಇದೇ ಪುಟಕ್ಕೆ ನಿಮಿಷಗಟ್ಟಲೆ ಕಾಯಬೇಕಾದೀತು.

ಪೇಟೆಗೆ ಹೋದವರು ಉಪ್ಪು ತಂದು ಮನೆಗೆ ಬಂದು, ಮತ್ತೆ ಸಕ್ಕರೆಗೆ ಹೋಗಿ, ಮತ್ತೆ ಬೇಳೆಗೆ ಹೋಗುವುದಿಲ್ಲವಲ್ಲ. ಚೀಟಿ ಬರೆದುಕೊಂಡು ಒಂದೇ ಸಲ ಹೋಗುತ್ತಾರೆ. ಈ ತೊಂದರೆಗೆ ನಮ್ಮ ಕಸುಬಿನಲ್ಲಿ ಎನ್ ಪ್ಲಸ್ ಒನ್ ಅನ್ನುತ್ತಾರೆ: ಪಟ್ಟಿಗೆ ಒಂದು ಕ್ವೆರಿ, ಆಮೇಲೆ ಎನ್ ಜನಕ್ಕೆ ಒಬ್ಬೊಬ್ಬರಿಗೂ ಬೇರೆ ಕ್ವೆರಿ. ಲಾರಾವೆಲ್, ಜ್ಯಾಂಗೋ, ರೈಲ್ಸ್ ಅನ್ನುವ ಸಿದ್ಧ ಚೌಕಟ್ಟುಗಳನ್ನು (ಫ್ರೇಮ್‌ವರ್ಕ್) ಬಳಸುವವರಿಗೂ ಇದು ಬರುತ್ತದೆ, ಅವರಿಗೆ ಗೊತ್ತಾಗುವುದು ಇನ್ನೂ ಕಷ್ಟ. ಅಲ್ಲಿ ಕ್ವೆರಿ ಕಣ್ಣಿಗೆ ಕಾಣುವುದಿಲ್ಲ. ಬೆಳೆಗಾರನ ಲಾಟು ಅಂತ ಒಂದು ಮಾತು ಬರೆದರೆ ಹಿಂದೆ ಒಂದು ಕ್ವೆರಿ ಓಡಿರುತ್ತದೆ. ಅದಕ್ಕೇ ಲಾರಾವೆಲ್‌ನಲ್ಲಿ ವಿತ್, ಜ್ಯಾಂಗೋದಲ್ಲಿ ಪ್ರೀಫೆಚ್ ರಿಲೇಟೆಡ್, ರೈಲ್ಸ್‌ನಲ್ಲಿ ಇನ್‌ಕ್ಲೂಡ್ಸ್ ಅಂತ ಮೊದಲೇ ಹೇಳಿ ಒಟ್ಟಿಗೆ ತರಿಸುವ ವ್ಯವಸ್ಥೆ ಇದೆ.

ಹಾಗಾದರೆ ನಿಮ್ಮ ಪುಟಕ್ಕೆ ಏನು ಮಾಡಬೇಕು? ಮೊದಲು ಪುಟವನ್ನೇ ಸ್ವಲ್ಪ ಪ್ರಶ್ನಿಸಿ. 420 ಜನರ ಎಲ್ಲ ಲಾಟು, ಎಲ್ಲ ಪಾವತಿ ಒಂದೇ ಪುಟದಲ್ಲಿ ಯಾರಿಗೆ ಬೇಕು? ಮಂಡಿಗೆ ಬಂದವರು "ನನ್ನ ಲೆಕ್ಕ ಎಷ್ಟಾಯ್ತು" ಅಂತ ಕೇಳುತ್ತಾರೆ. ದೊಡ್ಡಪ್ಪನಿಗೆ ಸಂಜೆ ಬೇಕಾಗಿರುವುದು ಯಾರಿಗೆ ಎಷ್ಟು ಬಾಕಿ ಅನ್ನುವುದು. ಇವು ಎರಡು ಬೇರೆ ಪುಟಗಳು. ಪಟ್ಟಿ ಪುಟದಲ್ಲಿ ಹೆಸರು, ಊರು, ಒಟ್ಟು ತೂಕ, ಒಟ್ಟು ಮೊತ್ತ, ಕೊಟ್ಟದ್ದು, ಬಾಕಿ. ಇಲ್ಲಿ ಒಂದು ಸಾಲು ಅಂದರೆ ಒಬ್ಬ ಬೆಳೆಗಾರ. ಹೆಸರು ಒತ್ತಿದರೆ ಖತಾವಣಿ ಪುಟ ತೆರೆಯಲಿ, ಅಲ್ಲಿ ಅವರೊಬ್ಬರದೇ ಲಾಟು, ಪಾವತಿ ಪೂರ್ತಿ ಬರಲಿ.

ಪಟ್ಟಿ ಪುಟಕ್ಕೆ ಒಂದೇ ಕ್ವೆರಿ ಸಾಕು, ಆದರೆ ಕೂಡುವ ಕೆಲಸ ಜಾಯಿನ್‌ಗೆ ಮೊದಲೇ ಆಗಬೇಕು. ಲಾಟಿನ ಟೇಬಲನ್ನು ಬೆಳೆಗಾರನ ನಂಬರಿನ ಮೇಲೆ ಗ್ರೂಪ್ ಬೈ ಮಾಡಿ, ಅಂದರೆ ಒಬ್ಬೊಬ್ಬರ ಸಾಲುಗಳನ್ನು ಗುಂಪು ಮಾಡಿ, ತೂಕ ಮತ್ತು ಮೊತ್ತ ಕೂಡಿಕೊಳ್ಳಿ. ಇದು ಒಂದು ಸಬ್‌ಕ್ವೆರಿ, ದೊಡ್ಡ ಕ್ವೆರಿಯ ಒಳಗಿನ ಸಣ್ಣ ಕ್ವೆರಿ. ಒಬ್ಬರಿಗೆ ಒಂದೇ ಸಾಲು ಉಳಿಯುತ್ತದೆ. ಪಾವತಿಯದ್ದೂ ಹಾಗೇ ಇನ್ನೊಂದು ಸಬ್‌ಕ್ವೆರಿ. ಈಗ ಬೆಳೆಗಾರರ ಟೇಬಲ್‌ಗೆ ಇವೆರಡನ್ನೂ ಲೆಫ್ಟ್ ಜಾಯಿನ್ ಮಾಡಿ. ಒಂದಕ್ಕೆ ಒಂದು, ಒಂದಕ್ಕೆ ಒಂದು. ಗುಣಾಕಾರ ಆಗಲು ಜಾಗವೇ ಇಲ್ಲ. 112ನೆಯವರು 300 ಕೆಜಿ, ಒಂದು ಲಕ್ಷ ಅಂತ ಒಂದೇ ಸಾಲಿನಲ್ಲಿ ಬರುತ್ತಾರೆ. ಗುಮಾಸ್ತರು ಮಾಡುತ್ತಿದ್ದದ್ದೂ ಇದನ್ನೇ. ಒಂದು ಎಚ್ಚರ: ಈ ಹಂಗಾಮಿನದು ಮಾತ್ರ ಬೇಕಾದರೆ ವರ್ಷದ ಷರತ್ತನ್ನು ಸಬ್‌ಕ್ವೆರಿಗಳ ಒಳಗೇ ಹಾಕಿ, ಎರಡರಲ್ಲೂ ಹಾಕಿ. ಒಂದರಲ್ಲಿ ಹಾಕಿ ಇನ್ನೊಂದರಲ್ಲಿ ಮರೆತರೆ ಈ ವರ್ಷದ ಲಾಟಿನಿಂದ ಹೋದ ವರ್ಷದ ಹಣ ಕಳೆದಂತೆ ಆಗುತ್ತದೆ.

ಪಟ್ಟಿಯಲ್ಲೇ ಲಾಟುಗಳ ವಿವರವೂ ಬೇಕು ಅಂತ ದೊಡ್ಡಪ್ಪ ಹಟ ಹಿಡಿದರೆ ಅದಕ್ಕೂ ದಾರಿ ಇದೆ. ಒಂದು ಪುಟಕ್ಕೆ 25 ಬೆಳೆಗಾರರನ್ನು ತರಿಸಿ. ಅವರ 25 ನಂಬರ್ ಹಿಡಿದುಕೊಂಡು "ಈ ನಂಬರಿನವರ ಎಲ್ಲ ಲಾಟು ಕೊಡು" ಅಂತ ಇನ್ ಬಳಸಿ ಎರಡನೇ ಕ್ವೆರಿ. ಅದೇ ನಂಬರಿಗೆ ಪಾವತಿಯ ಮೂರನೇ ಕ್ವೆರಿ. ಬಂದದ್ದನ್ನು ಪಿಎಚ್‌ಪಿಯಲ್ಲಿ ಬೆಳೆಗಾರನ ನಂಬರನ್ನೇ ಕೀ ಮಾಡಿಕೊಂಡು ಅರೇಯಲ್ಲಿ ವಿಂಗಡಿಸಿ, ಆಮೇಲೆ ಪುಟ ಬರೆಯಿರಿ. 841 ಸಲದ ಬದಲು ಮೂರು ಸಲ. ನಾನು ಹೆಚ್ಚಾಗಿ ಬಳಸುವುದು ಇದೇ ಕ್ರಮ. ಪ್ರತಿ ಕ್ವೆರಿಯ ಸಾಲಿಗೂ ಹೆಸರು ಹೇಳಲು ಬರುತ್ತದೆ, ತಪ್ಪಾದರೆ ಎಲ್ಲಿ ಅಂತ ಹುಡುಕುವುದೂ ಸುಲಭ. ಆದರೆ ಆ 25 ನಂಬರನ್ನು ಕ್ವೆರಿಯ ಪಠ್ಯಕ್ಕೆ ಅಂಟಿಸಬೇಡಿ, ಪಿಎಚ್‌ಪಿಯಿಂದ ಡೇಟಾಬೇಸ್ ಮಾತಾಡಿಸುವ ಪಿಡಿಒದ ಪ್ರಿಪೇರ್ಡ್ ಸ್ಟೇಟ್‌ಮೆಂಟಿನಲ್ಲಿ (ಕ್ವೆರಿಯ ಪಠ್ಯ ಬೇರೆ, ನಂಬರ್ ಬೇರೆ ಇಡುವ ಕ್ರಮ) ಒಂದೊಂದಕ್ಕೂ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಕಳಿಸಿ. ಹುಡುಕಿದಾಗ ಯಾರೂ ಸಿಗದಿದ್ದರೆ ಆ ಎರಡು ಕ್ವೆರಿ ಓಡಿಸಲೇಬೇಡಿ. ಇನ್ ಒಳಗೆ ಏನೂ ಇಲ್ಲದಿದ್ದರೆ ಮೈಎಸ್‌ಕ್ಯೂಎಲ್ ಎರರ್ ಕೊಡುತ್ತದೆ.

25ರ ವಿಷಯದಲ್ಲಿ ಇನ್ನೊಂದು ಮಾತು. ಜಾಯಿನ್ ಹಾಕಿದ ಕ್ವೆರಿಗೆ ಲಿಮಿಟ್ 25 ಅಂದರೆ 25 ಬೆಳೆಗಾರರು ಬರುವುದಿಲ್ಲ, 25 ಸಾಲು ಬರುತ್ತದೆ. ಆರು ಸಾಲಿನವರು ನಾಲ್ಕು ಜನರಾದರೆ ಐದನೆಯವರದ್ದು ಒಂದೇ ಸಾಲು ಬಂದು ಪುಟ ಮುಗಿಯುತ್ತದೆ. ಅವರ ಉಳಿದ ಲಾಟು ಮುಂದಿನ ಪುಟಕ್ಕೆ ಹೋಗುತ್ತದೆ. ಲಿಮಿಟ್ ಯಾವಾಗಲೂ ಬೆಳೆಗಾರರ ಮೇಲೆ ಇರಲಿ.

ಗ್ರೂಪ್ ಕಾನ್‌ಕ್ಯಾಟ್ ಬಳಸಿ ಒಬ್ಬರ ಲಾಟುಗಳನ್ನೆಲ್ಲ ಕಾಮಾ ಹಾಕಿ ಒಂದೇ ಜಾಗದಲ್ಲಿ ತರಿಸು ಅಂತಲೂ ಯಾರಾದರೂ ಹೇಳುತ್ತಾರೆ. ಸಣ್ಣ ಪಟ್ಟಿಗೆ ಪರವಾಗಿಲ್ಲ. ಆದರೆ ಕನ್ನಡದಲ್ಲಿ ಡೇಟಾ ಇಡುವ ನಮಗೆ ಇದರಲ್ಲಿ ಒಂದು ಗುಂಡಿ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಇದರ ಉದ್ದಕ್ಕೆ ಮೊದಲೇ ಇಟ್ಟಿರುವ ಮಿತಿ 1024 ಬೈಟು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು. ಯುಟಿಎಫ್-8 ಅನ್ನುವ ಅಕ್ಷರ ಸಂಕೇತದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು ಬೇಕು, ಕಾಗುಣಿತದ ಗುರುತೂ ಬೇರೆ ಚಿಹ್ನೆಯೇ. ಅಡಿಕೆಯ ಒಂದು ಬಗೆಯಾದ "ರಾಶಿ" ಅನ್ನುವ ಎರಡಕ್ಷರಕ್ಕೆ ನಾಲ್ಕು ಚಿಹ್ನೆ, 12 ಬೈಟು. "ರಾಶಿ 140 ಕೆಜಿ" ಅಂತ ಬರೆದು ಕಾಮಾ ಸೇರಿಸಿದರೆ 30 ಬೈಟು. 34 ಲಾಟು ಹಿಡಿಯುತ್ತದೆ, 35ನೆಯದು ಮಧ್ಯಕ್ಕೇ ತುಂಡಾಗುತ್ತದೆ. ಎರರ್ ಬರುವುದಿಲ್ಲ, ಎಚ್ಚರಿಕೆ ಒಂದು ಬರುತ್ತದೆ, ಅದನ್ನು ಪ್ರೋಗ್ರಾಮಿನಲ್ಲಿ ಯಾರೂ ಓದುವುದಿಲ್ಲ. ಮಿತಿಯನ್ನು ಹೆಚ್ಚಿಸಿಕೊಳ್ಳಬಹುದು. ಹೆಚ್ಚಿಸಬೇಕು ಅಂತ ನೆನಪಿರಬೇಕಷ್ಟೆ. ಜಾಸ್ತಿ ಅಡಿಕೆ ತರುವ ದೊಡ್ಡ ಬೆಳೆಗಾರರ ಪಟ್ಟಿಯೇ ಇಲ್ಲಿ ತುಂಡಾಗುವುದು.

ಇಂಡೆಕ್ಸ್, ಅಂದರೆ ಸಾಲನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಾಟು ಮತ್ತು ಪಾವತಿ ಟೇಬಲ್‌ಗಳಲ್ಲಿ ಬೆಳೆಗಾರನ ನಂಬರಿನ ಕಾಲಮ್ಮಿಗೆ ಫಾರಿನ್ ಕೀ (ಈ ನಂಬರ್ ಬೆಳೆಗಾರರ ಟೇಬಲ್‌ನಲ್ಲಿ ಇರಲೇಬೇಕು ಅನ್ನುವ ಕಟ್ಟು) ಘೋಷಿಸಿದ್ದರೆ ಮೈಎಸ್‌ಕ್ಯೂಎಲ್‌ನ ಡೇಟಾ ಇಡುವ ಭಾಗವಾದ ಇನ್ನೋಡಿಬಿ ತಾನೇ ಇಂಡೆಕ್ಸ್ ಮಾಡಿಕೊಳ್ಳುತ್ತದೆ. ಮುಂದೆ ಎಂದಾದರೂ ಇನ್ನೊಂದು ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ಗೆ ಹೋದರೆ ಅಲ್ಲಿ ತಾನಾಗಿ ಆಗುವುದಿಲ್ಲ, ನೀವೇ ಹಾಕಬೇಕು. ಫಾರಿನ್ ಕೀ ಈಗ ಇಲ್ಲ ಅಂತಾದರೆ ಇವತ್ತೇ ಹಾಕಿ. ಲಾಟು ಇರುವ ಬೆಳೆಗಾರನನ್ನು ಅಳಿಸಲು ಬಿಡಬಾರದು ಅನ್ನುವ ರಿಸ್ಟ್ರಿಕ್ಟ್ ಆಯ್ಕೆಯೇ ಇರಲಿ. ಕ್ಯಾಸ್ಕೇಡ್ ಹಾಕಿದರೆ ಒಂದು ಹೆಸರು ಕೈತಪ್ಪಿ ಅಳಿಸಿದಾಗ ಅವರ ಲೆಕ್ಕವೆಲ್ಲ ಜೊತೆಗೇ ಹೋಗುತ್ತದೆ. ಹಣದ ಪುಸ್ತಕದಲ್ಲಿ ಅದು ಬೇಡವೇ ಬೇಡ.

ಈಗ ನಿಮ್ಮ ಗೆಳೆಯನ ಸಲಹೆ, ಎಲ್ಲ ಒಂದೇ ಟೇಬಲ್. ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ, ಎಕ್ಸೆಲ್ ಹಾಳೆಯಲ್ಲಿ ನಾವೆಲ್ಲ ಹಾಗೇ ಮಾಡುವುದು. ಒಂದೇ ಟೇಬಲ್ ಆದರೆ ಪ್ರತಿ ಲಾಟಿನ ಸಾಲಿನಲ್ಲೂ ಬೆಳೆಗಾರನ ಹೆಸರು, ಊರು, ಫೋನ್ ಬರೆಯಬೇಕು. 112ನೆಯವರು ಫೋನ್ ಬದಲಿಸಿದರೆ ಅವರ ಎಲ್ಲ ಸಾಲಿನಲ್ಲೂ ಬದಲಿಸಬೇಕು. ಒಂದರಲ್ಲಿ ಬಿಟ್ಟರೆ ಯಾವುದು ಸರಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಬ್ಬರು "ತೀರ್ಥಹಳ್ಳಿ" ಅಂತ ಬರೆದರೆ ಇನ್ನೊಬ್ಬರು "ತೀರ್ಥಳ್ಳಿ" ಅಂತ ಬರೆಯುತ್ತಾರೆ, ಕಂಪ್ಯೂಟರಿಗೆ ಅವು ಎರಡು ಊರು. ಲಾಟನ್ನೇ ತಾರದ ಹೊಸ ಬೆಳೆಗಾರನ ಹೆಸರು ಬರೆಯಲು ಜಾಗವೇ ಇರುವುದಿಲ್ಲ. ಪಾವತಿ ಯಾವ ಸಾಲಿನಲ್ಲಿ ಬರೆಯುತ್ತೀರಿ? ಮತ್ತೆ ಅದೇ ಜೋಡಿ ಕಟ್ಟುವ ತಪ್ಪಿಗೇ ಬಂದು ನಿಲ್ಲುತ್ತೀರಿ, ಈ ಸಲ ಆ ತಪ್ಪು ಪುಟದಲ್ಲಲ್ಲ, ಡೇಟಾದಲ್ಲೇ ಕೂತಿರುತ್ತದೆ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಡೇಟಾವನ್ನು ಟೇಬಲ್‌ಗಳಾಗಿ ನೋಡುವ ಈ ರಿಲೇಶನಲ್ ಮಾದರಿಯನ್ನು ಮುಂದಿಟ್ಟರು. ಡೇಟಾ ಒಳಗೆ ಹೇಗೆ ಜೋಡಿಸಿಟ್ಟಿದೆ ಅನ್ನುವುದಕ್ಕೆ ಅದನ್ನು ಬಳಸುವ ಪ್ರೋಗ್ರಾಂ ಕಟ್ಟುಬೀಳಬಾರದು ಅನ್ನುವುದು ಅವರ ಮುಖ್ಯ ಕಾಳಜಿಗಳಲ್ಲಿ ಒಂದು. ನಿಮ್ಮ ಪುಟ ಹೇಗೆ ಕಾಣಬೇಕು ಅನ್ನುವುದಕ್ಕಾಗಿ ಟೇಬಲ್ ಬದಲಿಸಲು ಹೊರಟರೆ ಅದಕ್ಕೆ ಉಲ್ಟಾ ಹೋದ ಹಾಗೆ. ನಾಳೆ ದೊಡ್ಡಪ್ಪ ಬೇರೆ ಪುಟ ಕೇಳುತ್ತಾರೆ, ಆಗ ಮತ್ತೆ ಬದಲಿಸುತ್ತೀರಾ?

ಆದರೆ ಒಂದು ವಿಷಯದಲ್ಲಿ ನಕಲು ಬೇಕೇ ಬೇಕು, ಅದನ್ನು ಹುಡುಗರು ತುಂಬಾ ತಪ್ಪು ಮಾಡುತ್ತಾರೆ. ರಾಶಿ, ಬೆಟ್ಟೆ, ಗೊರಬಲು, ಸರಕು ಅನ್ನುವ ಅಡಿಕೆಯ ಬಗೆಗಳಿಗೆ ಇಂದಿನ ದರ ಅಂತ ಒಂದು ಟೇಬಲ್ ಮಾಡಿ, ಲಾಟಿನ ಮೊತ್ತವನ್ನು ಅಲ್ಲಿಂದ ಲೆಕ್ಕ ಹಾಕಿದರೆ ದರ ಬದಲಾದ ದಿನ ಹಳೆಯ ಲಾಟುಗಳ ಮೊತ್ತವೆಲ್ಲ ಬದಲಾಗುತ್ತದೆ. ಹೋದ ತಿಂಗಳು ಮಾರಿದ ಅಡಿಕೆಗೆ ಇವತ್ತಿನ ದರ ಹತ್ತಿಕೊಳ್ಳುತ್ತದೆ. ಮಾರಿದ ದಿನದ ದರ ಆ ಲಾಟಿನದೇ ಸಂಗತಿ. ಅದನ್ನು ಲಾಟಿನ ಸಾಲಿನಲ್ಲೇ ಬರೆದಿಡಿ. ಹಣ ಮತ್ತು ತೂಕದ ಕಾಲಮ್ ಡೆಸಿಮಲ್ (ದಶಾಂಶವನ್ನು ಇದ್ದ ಹಾಗೇ ಇಡುವ ಬಗೆ) ಇರಲಿ, ಫ್ಲೋಟ್ (ಅಂದಾಜಾಗಿ ಇಡುವ ಬಗೆ) ಬೇಡ. ಫ್ಲೋಟಿನಲ್ಲಿ ಪೈಸೆಗಳು ಕೂಡುತ್ತಾ ಕೂಡುತ್ತಾ ಜಾರುತ್ತವೆ.

ಬೆಳೆಗಾರರ ಟೇಬಲ್‌ನಲ್ಲೇ ಒಟ್ಟು ತೂಕ, ಬಾಕಿ ಅಂತ ಕಾಲಮ್ ಇಟ್ಟು, ಲಾಟು ಬಂದಾಗಲೆಲ್ಲ ತಿದ್ದುತ್ತಾ ಹೋದರೆ ಪುಟ ಇನ್ನೂ ಬೇಗ ಬರುತ್ತದೆ, ನಿಜ. ಆದರೆ ಆಗ ಬಾಕಿ ಎರಡು ಕಡೆ ಇರುತ್ತದೆ. ಲಾಟು ಸೇರಿಸಿ, ಬಾಕಿ ತಿದ್ದುವ ಮೊದಲೇ ಕರೆಂಟ್ ಹೋದರೆ ಎರಡೂ ಬೇರೆ ಬೇರೆ ಹೇಳುತ್ತವೆ. ಟ್ರಾನ್ಸಾಕ್ಷನ್ (ಎರಡೂ ಕೆಲಸ ಆದರೆ ಮಾತ್ರ ಉಳಿಸು, ಇಲ್ಲದಿದ್ದರೆ ಎರಡೂ ಬೇಡ ಅನ್ನುವ ಕ್ರಮ) ಬಳಸಿ ಅದನ್ನು ತಡೆಯಬಹುದು, ಆದರೂ ತಿದ್ದುವ ಜಾಗಗಳಲ್ಲಿ ಒಂದನ್ನು ಮರೆತರೆ ಮುಗಿಯಿತು. ಲಕ್ಷಗಟ್ಟಲೆ ಖಾತೆ ಇರುವ ಕಡೆ ಆ ಕಷ್ಟ ಪಡಬೇಕಾಗುತ್ತದೆ. 420 ಜನಕ್ಕೆ ಖಂಡಿತ ಬೇಡ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಒಂದಿದೆ. ಖತಾವಣಿ ಪುಟದ ವಿಳಾಸದಲ್ಲಿ ಬೆಳೆಗಾರನ ನಂಬರ್ ಇರುತ್ತದೆ ಅಲ್ವಾ? ಮುಂದೆ ಬೆಳೆಗಾರರೇ ಫೋನಿನಲ್ಲಿ ತಮ್ಮ ಲೆಕ್ಕ ನೋಡುವ ಹಾಗೆ ಮಾಡಿದರೆ, 112 ಇದ್ದಲ್ಲಿ 113 ಅಂತ ಬರೆದು ಪಕ್ಕದ ಮನೆಯವರ ಬಾಕಿ ಯಾರು ಬೇಕಾದರೂ ನೋಡಬಹುದು. ಒಂದು ಊರಿನಲ್ಲಿ ಯಾರಿಗೆ ಎಷ್ಟು ಮುಂಗಡ ಸಾಲ ಇದೆ ಅನ್ನುವುದು ಎಷ್ಟು ಸೂಕ್ಷ್ಮ ಅಂತ ನಿಮಗೆ ಗೊತ್ತು. ಲಾಗಿನ್ ಆದವರು ಯಾರು, ಈ ಖಾತೆ ಅವರದೇ ಹೌದಾ ಅಂತ ಪ್ರತಿ ಸಲ ಸರ್ವರ್ ಕಡೆಯೇ ಪರೀಕ್ಷೆ ಆಗಬೇಕು. ಬಟನ್ ಮುಚ್ಚಿಟ್ಟರೆ ಸಾಲದು. ಪುಟಕ್ಕೆ ಹೆಸರು, ಷರಾ ಬರೆಯುವಾಗ ಎಚ್‌ಟಿಎಂಎಲ್ ಸ್ಪೆಷಲ್‌ಚಾರ್ಸ್ ದಾಟಿಸಿಯೇ ಬರೆಯಿರಿ, ಯಾರಾದರೂ ಅಲ್ಲಿ ತುಂಬಿದ ಕೋಡ್ ಪುಟದಲ್ಲಿ ಓಡದ ಹಾಗೆ ತಡೆಯಲು.

ಈ ವಾರ ಕೂತು ಮಾಡುವುದಾದರೆ ಹೀಗೆ ಶುರು ಮಾಡಿ. ದೊಡ್ಡಪ್ಪನ ಖತಾವಣಿಯಿಂದ ನಾಲ್ಕು ಜನರನ್ನು ಆರಿಸಿ: ಹಲವು ಲಾಟು, ಹಲವು ಪಾವತಿ ಇರುವವರು ಒಬ್ಬರು, ಒಂದೇ ತೂಕದ ಎರಡು ಲಾಟು ತಂದವರು ಒಬ್ಬರು, ಲಾಟು ಕೊಟ್ಟು ಇನ್ನೂ ಹಣ ಪಡೆಯದವರು ಒಬ್ಬರು, ಹೊಸದಾಗಿ ಸೇರಿ ಏನೂ ತಾರದವರು ಒಬ್ಬರು. ಪಟ್ಟಿ ಪುಟದ ಕ್ವೆರಿ ಬದಲಿಸಿ, ಈ ನಾಲ್ವರ ತೂಕ, ಹಣ, ಬಾಕಿ ಪುಸ್ತಕದ ಜೊತೆ ಪೈಸೆ ಸಮೇತ ತಾಳೆ ನೋಡಿ. ಆಮೇಲೆ ಪುಟದ ತಳದಲ್ಲಿ ಒಟ್ಟು ಎಷ್ಟು ಜನ ಅಂತ ಎಣಿಸಿ. 420 ಬಂದರೆ ದೊಡ್ಡಪ್ಪನನ್ನು ಕರೆದು ತೋರಿಸಿ. 419 ಬಂದರೆ ಆ ಒಬ್ಬರು ಯಾರು ಅಂತ ಹುಡುಕಿದ ಮೇಲೇ ತೋರಿಸಿ.